ಬೀಗ ಜಡಿದ ಬಚ್ಚಲು

ಯಶವಂತಪುರದಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಎರಡು ಬಚ್ಚಲಿದ್ದವು. ನೀರು ಉಳಿಸಬೇಕೆಂದು ಮನೆ ಮಾಲೀಕರು ಅಡುಗೆಮನೆ ಪಕ್ಕದ ಬಚ್ಚಲಿಗೆ ಬೀಗ ಜಡಿದು ಬೀಗದ ಕೈ ತಾವೇ ಇಟ್ಟುಕೊಂಡಿದ್ದರು. ಬೇಸಿಗೆಯಲ್ಲಿ ಮನೆಯೆಲ್ಲ ಮೋರಿ ವಾಸನೆ ಹಿಡಿಯಿತು.

"ಹಳ್ಳಿಯಿಂದ ಬಂದೋರಿಗೆ ಬಚ್ಚಲು ತೊಳೆಯೋದು ಗೊತ್ತಿರಲ್ಲ ಬಿಡಿ," ಎಂದು ಅವರು ನನ್ನ ತಾಯಿಯ ಎದುರೇ ಅಂದರು. ಅವಳು ಬೀದಿ ನಲ್ಲಿಯಿಂದ ಹೊತ್ತು ತಂದ ನೀರನ್ನೇ ಸುರಿದು ನಮ್ಮ ಬಚ್ಚಲನ್ನು ದಿನವೂ ಉಜ್ಜಿದಳು. ವಾಸನೆ ಹೋಗಲಿಲ್ಲ. ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಮಾಡಿದವನು ನಾನು; ಬಚ್ಚಲ ಕೊಳವೆಯ ಬಾಗಿದ ಭಾಗದಲ್ಲಿ ನೀರು ನಿಂತಿದ್ದರೆ ಮಾತ್ರ ಮೋರಿಯ ಗಾಳಿ ಒಳಗೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಬೀಗದ ಕೈ ಕೇಳಿ ತಂದು, ಬಳಸದೆ ಕೊಳವೆ ಒಣಗಿಹೋಗಿದ್ದ ಆ ಇನ್ನೊಂದು ಬಚ್ಚಲಿಗೆ ಅಕ್ಕಿ ತೊಳೆದ ನೀರು ಸುರಿದೆ. ಸಂಜೆಯೊಳಗೆ ವಾಸನೆ ಹೋಯಿತು.

ಮಾಲೀಕರನ್ನು ಕರೆದು, ವಾಸನೆ ಬರುತ್ತಿದ್ದದ್ದು ಅವರು ಬೀಗ ಜಡಿದ ಬಚ್ಚಲಿನಿಂದಲೇ ಎಂದು ತೋರಿಸಿದೆ. "ಈಗ ನಮ್ಮಮ್ಮಂಗೆ ಏನಾದ್ರೂ ಹೇಳ್ತೀರಾ ಸಾರ್?"

ಅವರು ಅವಳತ್ತ ತಿರುಗಿದರು. "ನೋಡಮ್ಮ, ಅಕ್ಕಿ ತೊಳ್ದ ನೀರು ಚೆಲ್ಬೇಡ. ದಿನಾ ಇಲ್ಲಿಗೇ ಹಾಕ್ಬಿಡು."

ಅಮ್ಮ ತಲೆಯಾಡಿಸಿದಳು. ನಾನು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅವರ ಅಂಗೈಗೆ ಒತ್ತಿದೆ.

"ನೀವೇ ಬಂದು ಹಾಕಿ ಸಾರ್. ನಾವು ಬೇರೆ ಮನೆ ನೋಡ್ಕೋತೀವಿ."