ಮುರುಗಲು ಗಿಡಕ್ಕೆ ಬಿದ್ದ ಮೊದಲ ನೀರು

ನಾಗವೇಣಿ, ಅಕ್ಕೋರ ಮುರುಗಲು ಗಿಡವನ್ನು ಕೊಂದವಳು ನಾನು. ನೀನಲ್ಲ. ಒಂಬತ್ತು ವರ್ಷದಿಂದ ಈ ಎರಡು ಮಾತು ನನ್ನ ಗಂಟಲಲ್ಲೇ ಇದ್ದವು. ಹೇಳಬೇಕಾದ ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟರು, ಉಳಿದವಳು ನೀನು. ಸಿಟ್ಟು ಬಂದರೂ ಕಡೆಯ ತನಕ ಓದು, ಹರಿದು ಹಾಕುವುದಾದರೆ ಆಮೇಲೆ ಹರಿ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಅಷ್ಟಷ್ಟು ಬಿಟ್ಟು ಹೇಳಿಯೇ ನಾನು ಕೆಟ್ಟದ್ದು.

ಶಿರಸಿಯ ಆ ಓಣಿಯಲ್ಲಿ ಮೇಲಿನ ಮನೆ ಶಾರದಾ ಅಕ್ಕೋರದು, ಕೆಳಗೆ ರಸ್ತೆಗೆ ಮುಖ ಮಾಡಿದ ಕೋಣೆ ನನ್ನ ಹೊಲಿಗೆ ಅಂಗಡಿ, ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನೀನು. ಚಿತ್ರಕಲೆ ಕಲಿಸಿ ನಿವೃತ್ತರಾದ ಅಕ್ಕೋರಿಗೆ ತಾರಸಿಯ ಮೇಲಿನ ಹನ್ನೊಂದು ಬೋನ್ಸಾಯ್ ಮರಗಳೇ ಸಂಸಾರ. ಮೋರಿಯ ಗೋಡೆಯಿಂದ ಕಿತ್ತು ತಂದ ಗೋಳಿ, ಬಸರಿ, ಮೊಣಕೈಯುದ್ದದ ಹುಣಸೆ. ಎಲ್ಲಕ್ಕಿಂತ ಹಿರಿದು ಆ ಮುರುಗಲು. ಅವರು ನೌಕರಿಗೆ ಸೇರಿದ ವರ್ಷ ಶರಬತ್ತು ಮಾಡಿ ಉಳಿದ ಬೀಜದಿಂದ ಎಬ್ಬಿಸಿದ್ದು, ಒಂದು ಗೇಣು ಅಗಲದ ಮಣ್ಣಿನ ತಟ್ಟೆಯಲ್ಲಿ ಮೂವತ್ತು ವರ್ಷ ನಿಂತಿತ್ತು. ಅದು ಕೆಂಪಗೆ ಚಿಗುರಿದಾಗ ಅಕ್ಕೋರು ನಮ್ಮಿಬ್ಬರನ್ನೂ ಮೇಲೆ ಕರೆದು ತೋರಿಸುತ್ತಿದ್ದರು.

ಅಲ್ಲಿಗೆ ಮೊದಲು ಹತ್ತಿದವಳು ನಾನು. ನಾಲ್ಕು ವರ್ಷ ನೀರು ಹೊತ್ತೆ, ಗೋಣಿ ನೆನೆಸಿದೆ, ಕಳೆ ಕಿತ್ತೆ. ನೀನು ಬಂದ ಮೂರೇ ತಿಂಗಳಿಗೆ ಅಕ್ಕೋರು ಗಿಡ ಸವರುವ ಕತ್ತರಿಯನ್ನು ನಿನ್ನ ಕೈಗೆ ಕೊಟ್ಟರು. ಇಪ್ಪತ್ತು ವರ್ಷ ಕತ್ತರಿ ಹಿಡಿದೇ ಹೊಟ್ಟೆ ಹೊರೆದವಳು ನಾನು — ನನಗೆ ಕೊಡಲಿಲ್ಲ. "ನನ್ನ ನಂತ್ರ ಈ ಗಿಡ ಎಲ್ಲ ನಾಗವೇಣಿಗೇ" ಅಂತ ಒಂದು ದಿನ ನನ್ನೆದುರೇ ಅಂದರು. ನಾನು ನಕ್ಕು "ಒಳ್ಳೇದಾತು ಬಿಡಿ" ಅಂದೆ. ಒಳಗೆ ಹೊಟ್ಟೆ ಉರಿದುಹೋಗಿತ್ತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆ.

ಆ ಏಪ್ರಿಲ್‌ನಲ್ಲಿ ಅಕ್ಕೋರು ಮೊಣಕಾಲಿನ ಆಪರೇಶನ್‌ಗೆ ಧಾರವಾಡಕ್ಕೆ ಹೋದರು. ಮೂರು ವಾರ. ಶಿರಸಿಯಲ್ಲೂ ಫ್ಯಾನಿಲ್ಲದೆ ಕೂರಲಾಗದಂಥ ಸೆಕೆ. ಹೋಗುವ ಮೊದಲು ನಮ್ಮಿಬ್ಬರಿಗೂ ಒಂದೊಂದು ಕೀಲಿ ಕೊಟ್ಟು, ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು. ತಟ್ಟೆಗಳು ಕಾದ ಸಿಮೆಂಟಿಗೆ ತಾಗಬಾರದು, ಇಟ್ಟಿಗೆಯ ಮೇಲೆ ಒದ್ದೆ ಮರಳಿನ ಬುಟ್ಟಿಯಲ್ಲಿರಲಿ. ಮೇಲೆ ಹಸಿರು ಬಲೆ. ಬಿಸಿಲು ಏರುವ ಮೊದಲು ಒಮ್ಮೆ, ಇಳಿದ ಮೇಲೆ ಒಮ್ಮೆ ನೀರು. ಬೆಳಿಗ್ಗೆಯ ಪಾಳಿ ನನಗೆ, ಸಂಜೆಯದು ನಿನಗೆ. ನೀನು ಮತ್ತೊಂದು ಸೇರಿಸಿದೆ — "ತಾರಸಿ ಪೈಪಿಂದು ಮೊದ್ಲಿನ ನೀರು ಕುದೀತಿರ್ತದೆ ಸುಮಿತ್ರಕ್ಕ, ಕೈಮೇಲೆ ಬಿಟ್ಕಂಡು ನೋಡಿ ಹಾಕಿ." ನನಗೆ ಹೇಳಿಕೊಡಲಿಕ್ಕೆ ಬಂದಳಲ್ಲ ಅಂತ ಅದಕ್ಕೂ ಸಿಟ್ಟು ಬಂದಿತ್ತು.

ಮದುವೆಯ ಕಾಲ. ಮಾರನೆಯ ದಿನದ ಲಗ್ನಕ್ಕೆ ಆರು ಕುಪ್ಪಸ ಕೊಡಬೇಕಿತ್ತು. ಅವತ್ತು ಬೆಳಿಗ್ಗೆ ತಾರಸಿಗೆ ಹತ್ತುವುದು ಮರೆತೇಹೋಯಿತು. ನೆನಪಾದಾಗ ಮಧ್ಯಾಹ್ನ ಒಂದೂವರೆ. ಓಡಿ ಹೋಗಿ ನೋಡಿದರೆ ಗಾಳಿಗೆ ಬಲೆ ಒಂದು ಮೂಲೆ ಕಿತ್ತುಕೊಂಡಿತ್ತು, ಮುರುಗಲಿನ ಮೇಲೆ ನೆಟ್ಟಗೆ ಬಿಸಿಲು. ಮಣ್ಣು ತಟ್ಟೆಯ ಅಂಚು ಬಿಟ್ಟು ಒಳಕ್ಕೆ ಸರಿದಿತ್ತು, ಎಲೆ ಜೋತುಬಿದ್ದಿದ್ದವು. ಕೆಳಗೆ ಕುಪ್ಪಸಕ್ಕೆ ಬಂದವರು ಕೂಗುತ್ತಿದ್ದರು. ಕಪ್ಪು ಟ್ಯಾಂಕಿನಿಂದ ಬಿಸಿಲಲ್ಲಿ ಉದ್ದಕ್ಕೆ ಬಿದ್ದಿದ್ದ ಪೈಪನ್ನು ಎತ್ತಿ ನಲ್ಲಿ ತಿರುಗಿಸಿದೆ. ನಾಲ್ಕು ಹನಿ ನನ್ನ ಪಾದದ ಮೇಲೆ ಬಿತ್ತು, ಕಾಲು ಹಿಂದಕ್ಕೆಳೆದುಕೊಂಡೆ.

ಇಲ್ಲೇ ನಾನು ನಿಲ್ಲಬೇಕು — ಕಾಲು ಹಿಂದಕ್ಕೆಳೆದುಕೊಂಡೆ, ಅಂದರೆ ಸುಟ್ಟಿದ್ದು ಗೊತ್ತಾಗಿತ್ತು. ನಿನ್ನ ಮಾತೂ ನೆನಪಾಯಿತು. ಒಂದೆರಡು ನಿಮಿಷ ನೀರನ್ನು ಬಚ್ಚಲಿಗೆ ಬಿಟ್ಟಿದ್ದರೆ ತಣ್ಣಗಾಗುತ್ತಿತ್ತು. ಬಿಡಲಿಲ್ಲ. ಅಷ್ಟಕ್ಕೆಲ್ಲ ಏನಾಗುತ್ತದೆ ಅಂದುಕೊಂಡು ಹಾಕಿದೆ. ಮೊದಲ ನೀರು ಮುರುಗಲಿಗೇ ಬಿತ್ತು, ತಟ್ಟೆ ತುಂಬ. ಮೂರನೆಯ ಗಿಡಕ್ಕೆ ಬರುವಷ್ಟರಲ್ಲಿ ನೀರು ತಣ್ಣಗಾಗಿತ್ತು.

ಆಮೇಲಿನ ದಿನಗಳನ್ನು ನೀನೂ ನೋಡಿದೆ. ಅಂಚಿನಿಂದ ಕಂದಾಗುತ್ತ ಬಂದ ಎಲೆಗಳು ಎಂಟೇ ದಿನಕ್ಕೆ ಹಪ್ಪಳದ ಹಾಗೆ ಒಣಗಿದವು. ನೀನು ಅದನ್ನು ಮೆಟ್ಟಿಲ ಕೆಳಗಿನ ನೆರಳಿಗೆ ತಂದು, ಒದ್ದೆ ಬಟ್ಟೆ ಸುತ್ತಿ, ದಿನಕ್ಕೆ ಹತ್ತು ಸಲ ಬೆರಳು ಒತ್ತಿ ನೋಡುತ್ತಿದ್ದೆ. "ನೀರು ತಪ್ಪಿಲ್ಲ, ಆದ್ರೂ ಎಂತಕ್ಕೆ ಹಿಂಗಾತು?" ಅಂತ ನನ್ನನ್ನೇ ಕೇಳಿದೆ. ಸೆಕೆ ಹೆಚ್ಚಾಯಿತು ಅಂದೆ ನಾನು.

ಅಕ್ಕೋರು ಕೋಲೂರಿಕೊಂಡು ಬಂದವರು ಆ ಗಿಡದ ಮುಂದೆ ಕೂತೇಬಿಟ್ಟರು. ತಟ್ಟೆಯ ಮಣ್ಣನ್ನು ಬೆರಳಿಂದ ಕೆದಕಿ ಕೇಳಿದರು, ನೀರು ತಪ್ಪಿತ್ತಾ ಅಂತ. ನನಗೆ ಬಾಯಿಗೆ ಬಂದದ್ದು ಇದು:

"ನಾಗವೇಣಿ ಒಂದಿನ ಸಂಜೆ ಬರ್ಲೇ ಇಲ್ಲ, ಅಕ್ಕೋರೇ."

ಒಂದಕ್ಷರವೂ ಸುಳ್ಳಲ್ಲ. ನಿನಗೆ ಜ್ವರ ಬಂದ ದಿನ ಅದು. ನೀನು ನನ್ನ ಅಂಗಡಿಯ ಬಾಗಿಲಿಗೆ ಬಂದು "ಇವತ್ತೊಂದಿನ ಸಂಜೆ ನೀವೇ ಹಾಕ್ತ್ರಾ?" ಅಂತ ಕೇಳಿದ್ದೆ, ನಾನು ಹೂಂ ಅಂದಿದ್ದೆ, ಹಾಕಿಯೂ ಇದ್ದೆ. ಅದನ್ನು ಹೇಳಲಿಲ್ಲ. ನಿಜವನ್ನೇ ಅರ್ಧಕ್ಕೆ ಕತ್ತರಿಸಿದೆ — ಕತ್ತರಿ ಹಿಡಿಯಲು ಬರುತ್ತಿತ್ತಲ್ಲ.

ಅಕ್ಕೋರು ಬೈಯುವ ಪೈಕಿ ಅಲ್ಲ. ನಿನ್ನಿಂದ ಕೀಲಿ ತಿರುಗಿ ತೆಗೆದುಕೊಂಡರು, ಅಷ್ಟೇ. ಕೀಲಿ ಕೊಟ್ಟು ಮೆಟ್ಟಿಲಿಳಿದು ಬಂದವಳು ನನ್ನ ಮಷಿನ್ ಎದುರು ನಿಂತೆ. "ಜ್ವರ ಬಂದ ದಿನ ನಿಮಗೆ ಹೇಳೇ ಹೋಗಿದ್ದೆ ಅಲ್ದಾ ಸುಮಿತ್ರಕ್ಕ?" ಅಂದೆ. ಜಗಳದ ದನಿಯಲ್ಲ, ನಿನಗೇ ಅನುಮಾನ ಬಂದವಳ ಹಾಗೆ. ನಾನು ತಲೆ ಎತ್ತದೆ ಹೇಳಿದೆ — "ನಂಗೆ ನೆನಪಿಲ್ಲ ಮಾರಾಯ್ತಿ."

ನೀನು ಮತ್ತೆ ತಾರಸಿ ಹತ್ತಲಿಲ್ಲ. ಮಳೆಗಾಲದ ಮೊದಲೇ ಜೆರಾಕ್ಸ್ ಅಂಗಡಿಯನ್ನೂ ಬಿಟ್ಟೆ.

ಕತ್ತರಿ ನನ್ನ ಕೈಗೆ ಬಂತು. ಅಕ್ಕೋರು ತೀರಿಕೊಂಡ ಮೇಲೆ ಗಿಡಗಳೂ ಬಂದವು. ಈಗ ಸಿದ್ದಾಪುರದ ನನ್ನ ಬಾಡಿಗೆ ಮನೆಯ ಹಿತ್ತಿಲಲ್ಲಿ ಏಳು ಉಳಿದಿವೆ. ನೋಡಲು ಬಂದವರು ನಿಮ್ಮ ಕೈಗುಣ ದೊಡ್ಡದು ಅನ್ನುತ್ತಾರೆ. ಯಾರಾದರೂ ಬೇಸಿಗೆಯ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗುತ್ತದೆ. ಕಡೆಯ ವರ್ಷ ಅಕ್ಕೋರು ಮಲಗಿದಲ್ಲಿಂದಲೇ ಒಮ್ಮೆ ಅಂದಿದ್ದರು, ಆ ಹುಡುಗಿಯ ಕೈ ಚೊಲೋ ಇತ್ತು, ಜವಾಬ್ದಾರಿಯೊಂದು ಇರಲಿಲ್ಲ ಅಂತ. ನಾನು ಅವರ ಕಾಲು ಒತ್ತುತ್ತಿದ್ದೆ. ಒತ್ತುತ್ತಲೇ ಇದ್ದೆ. ನಿನ್ನ ಬಗ್ಗೆ ಹಾಗೆ ತಿಳಿದುಕೊಂಡೇ ಅವರು ಹೋದರು, ನಾಗವೇಣಿ. ಅದನ್ನು ಇನ್ನು ಯಾರೂ ಸರಿ ಮಾಡಲಾರರು.

ಹೋದ ತಿಂಗಳು ಹುಬ್ಬಳ್ಳಿಗೆ ಹೊರಟಿದ್ದೆ. ಯಲ್ಲಾಪುರ ದಾಟಿದ ಮೇಲೆ ಲಾರಿಯೊಂದು ಕೆಟ್ಟು ನಿಂತು ನಮ್ಮ ಬಸ್ಸೂ ನಿಂತಿತು. ಕಿಟಕಿಯಾಚೆ ಒಂದು ನರ್ಸರಿ. ಸಾಲು ಸಸಿಗಳ ನಡುವೆ ಒಬ್ಬಳು ಪೈಪು ಹಿಡಿದು ನಿಂತಿದ್ದಳು. ನೀರನ್ನು ಸಸಿಗೆ ತಿರುಗಿಸುವ ಮೊದಲು ಮುಂಗೈ ಮೇಲೆ ಬಿಟ್ಟುಕೊಂಡು, ಸ್ವಲ್ಪ ಕಾದು, ಮತ್ತೆ ಬಿಟ್ಟುಕೊಂಡಳು. ಮುಖ ಕಾಣುವ ಮೊದಲೇ ನೀನೆಂದು ಗೊತ್ತಾಯಿತು. ಇಳಿದು ಬರಬಹುದಿತ್ತು. ಬಸ್ಸು ಹತ್ತು ನಿಮಿಷ ಅಲ್ಲೇ ಇತ್ತು. ನಾನು ಇಳಿಯಲಿಲ್ಲ.

ಬರುವ ಭಾನುವಾರ ಬಿಸಿಲೇರುವ ಮೊದಲು ಏಳು ಗಿಡಗಳನ್ನೂ ಟೆಂಪೋದಲ್ಲಿ ಹೇರಿಕೊಂಡು ಆ ನರ್ಸರಿಗೆ ಬರುತ್ತೇನೆ. ಕತ್ತರಿಯೂ ಬರುತ್ತದೆ, ಮುರುಗಲು ಇದ್ದ ಖಾಲಿ ತಟ್ಟೆಯೂ. ಅವು ಯಾವತ್ತಿದ್ದರೂ ನಿನ್ನವೇ. ನೀನು ಬೇಡವೆಂದರೆ ತಿರುಗಿ ಒಯ್ಯುತ್ತೇನೆ, ಬೈದರೆ ನಿಂತು ಕೇಳುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ಅವತ್ತು ಮಷಿನ್ ಎದುರು ನಿಂತು ನೀನು ಕೇಳಿದ್ದಕ್ಕೆ ಉತ್ತರ ಮಾತ್ರ ಕೊಡುತ್ತೇನೆ.

ಹೌದು, ನಾಗವೇಣಿ. ನೀನು ನನಗೆ ಹೇಳೇ ಹೋಗಿದ್ದೆ. ನನಗೆ ನೆನಪಿತ್ತು.