ಬ್ಯಾಟರಿ ಹಚ್ಚಿ ನೋಡಿದ ಅಳಿಯ

ಮೊನ್ನೆ ನಮ್ಮ ಮನೆಗೆ ಇನ್ನೊಬ್ಬ ಮೊಮ್ಮಗಳು ಬಂದಳು. ತೊಟ್ಟಿಲು ಇನ್ನೂ ಅಟ್ಟ ಏರಿರಲಿಲ್ಲ, ಹಿಂದಿನ ಕೂಸು ಅದರಿಂದ ಇಳಿದು ಅಂಗಳದಲ್ಲಿ ಓಡಾಡುತ್ತಿತ್ತು, ಅಷ್ಟರಲ್ಲಿ ಇವಳು ಬಂದು ಮಲಗಿದ್ದಾಳೆ. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು, ಬರೆಯುವುದು ನನ್ನ ಕೆಲಸವಲ್ಲ. ಆದರೆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಯಾಕೆಂದರೆ ಈ ತೊಟ್ಟಿಲು ಕಟ್ಟುವ ಯೋಗವೇ ನನಗಿಲ್ಲ ಎಂದು ಹರೆಯದಲ್ಲಿ ಒಮ್ಮೆ ಗಟ್ಟಿಯಾಗಿ ನಂಬಿಬಿಟ್ಟಿದ್ದೆ. ಅದೂ ಒಂದು ಚಡ್ಡಿಯ ದೆಸೆಯಿಂದ!

ಆಗ ಬ್ರಿಟಿಷರ ಆಳ್ವಿಕೆ, ದೊಡ್ಡ ಯುದ್ಧ ನಡೆದಿತ್ತು. ಸರ್ಕಾರಕ್ಕೆ ಸಾಗವಾನಿ ಎಷ್ಟಿದ್ದರೂ ಸಾಲದು. ಹಳಿಯಾಳದ ಸಮೀಪದ ನಮ್ಮ ಹಳ್ಳಿಯಿಂದ ಗಟ್ಟಿಮುಟ್ಟಾದ ಹುಡುಗರನ್ನು ಜಂಗಲ್ ಖಾತೆಯವರು ಕರೆದು ಕರೆದು ಕೆಲಸಕ್ಕೆ ಹಚ್ಚುತ್ತಿದ್ದರು. ನಾನು ಗರಡಿಯಲ್ಲಿ ಮಣ್ಣು ಹೊಯ್ದುಕೊಂಡು ಬೆಳೆದ ಪೈಲವಾನ. ಕುಳಗಿಯ ಕಾಡಿನಲ್ಲಿ ಗಾರ್ಡ್ ಆಗಲು ಕರೆ ಬಂತು. ಅದೇ ಹೊತ್ತಿಗೆ ಸೋದರಮಾವನ ಮಗಳ ಜೊತೆ ಮದುವೆಯೂ ಗೊತ್ತಾಗಿತ್ತು. ನೌಕರಿಗೆ ಖಾಕಿ ಚಡ್ಡಿ ಬೇಕು. ಅಲ್ಲಿಯವರೆಗೆ ಲಂಗೋಟಿ, ಅದರ ಮೇಲೆ ಧೋತರ, ಇಷ್ಟೇ ನಾನು ಕಂಡ ಬಟ್ಟೆ.

ಹಳಿಯಾಳದ ಪೇಟೆಯಲ್ಲಿ ಒಬ್ಬ ದರ್ಜಿ ಸಾಬರಿದ್ದರು. ಅಂದು ಲಂಗೋಟಿ ತೊಳೆದು ಒಣಹಾಕಿ, ಬರೀ ಧೋತರದಲ್ಲೇ ಹೋಗಿ ನಿಂತೆ. ಸಾಬರು ನನ್ನ ಸೊಂಟ ಅಳೆದರು, ತೊಡೆ ಅಳೆದರು, ಕಾಲಸಂದಿಯ ಉದ್ದ ಅಳೆದರು. ಆಮೇಲೆ ಹೇಳಿದರು:

“ಪೈಲವಾನ, ಎಡಕ್ಕ ಒಂದ್ ಬೆರಳು ಸಡ್ಲ ಬಿಡ್ತೇನಿ.”

“ಯಾಕ್ರಿ ಸಾಬರ?”

“ಎಡಗಡೆದ್ದು ಕೆಳಗ ಇಳದೈತಲ್ಲಪಾ. ಕುಂತಾಗ ಹಿಡೀಬಾರದು ನೋಡು.”

ಅಷ್ಟು ಹೇಳಿ ಬಾಯಿಗೆ ದಾರ ಕಚ್ಚಿಕೊಂಡು ಮಷಿನ್ ತುಳಿಯತೊಡಗಿದರು. ಅವರಿಗೆ ಅದು ದಿನದ ಮಾತು. ನನಗೆ ಮಾತ್ರ ಪೇಟೆಯೆಲ್ಲ ಗಿರ್ರನೆ ತಿರುಗಿತು.

ಮನೆಗೆ ಬಂದವನೇ ಬಚ್ಚಲಿಗೆ ಹೋಗಿ ನೋಡಿಕೊಂಡೆ. ಸಾಬರು ಹೇಳಿದ್ದು ಖರೇ! ಎಡದ ಬೀಜ ಬಲದ್ದಕ್ಕಿಂತ ಕೆಳಗೆ ಜೋತಿತ್ತು. ಇಷ್ಟು ವರ್ಷ ನೋಡಲಿಲ್ಲವೇ ಎಂದು ಕೇಳಬಹುದು. ಮೀಸೆ ಚಿಗುರಿದಾಗಿನಿಂದ ಅದನ್ನು ಮೇಲಕ್ಕೆತ್ತಿ ಬಿಗಿದು ಕಟ್ಟಿದವನು ನಾನು. ಮತ್ತೊಬ್ಬರದನ್ನು ನೋಡಿ ಹೋಲಿಸೋಣವೆಂದರೆ, ಗರಡಿಯಲ್ಲಿ ಅಷ್ಟು ಮಂದಿ ಬರಿಮೈಯಲ್ಲಿ ಹೊರಳಾಡಿದರೂ ಎಲ್ಲರ ಲಂಗೋಟಿಯೂ ಬಿಗಿಯೇ. ಒಬ್ಬರದನ್ನು ಒಬ್ಬರು ಕಂಡವರಲ್ಲ.

ಇನ್ನು ಕುಸ್ತಿ ಕಲಿಸುವ ನಮ್ಮ ವಸ್ತಾದರ ಮಾತು ಬೇರೆ. ಒಬ್ಬ ಪೈಲವಾನನಿಗೆ ಭಾರ ಎತ್ತುವಾಗ ಕರುಳು ಇಳಿದಿತ್ತಂತೆ. “ಇಳದಂವನ ಆಟ ಮುಗೀತು. ಕುಸ್ತೀನೂ ಇಲ್ಲ, ಮಕ್ಕಳೂ ಇಲ್ಲ” ಎಂದು ಅವರು ಲಂಗೋಟಿ ಕಟ್ಟಿಸುವಾಗಲೆಲ್ಲ ಹೆದರಿಸುತ್ತಿದ್ದರು. ಅವನಿಗೆ ಇಳಿದದ್ದು ಕರುಳು, ನನ್ನದು ಬೇರೆ ಎಂಬ ವಿಚಾರವೇ ನನಗೆ ಹೊಳೆಯಲಿಲ್ಲ. ಇಳಿದದ್ದು ಇಳಿದದ್ದೇ!

ಇಳಿದದ್ದನ್ನು ಏರಿಸಬೇಕಲ್ಲ? ಮಲಗುವಾಗಲೂ ಲಂಗೋಟಿ ಬಿಚ್ಚಲಿಲ್ಲ. ಬೆವರಿ ಒದ್ದೆಯಾದರೂ ಅದರ ಮೇಲೇ ಇನ್ನೊಂದು ಸುತ್ತು ಬಿಗಿದೆ. ತೊಡೆಸಂದಿಯಲ್ಲಿ ಕೆಂಪಗೆ ಗಜಕರ್ಣ ಎದ್ದು, ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯತೊಡಗಿತು. ಕಾಲು ಅಗಲಿಸಿ ನಡೆಯುವುದನ್ನು ನೋಡಿ ಅವ್ವ, “ಯಾಕೋ, ಹೆಗಲಿಗೆ ನೊಗ ಕಟ್ಟಿಲ್ಲ, ಹೋರಿ ಹಂಗ ನಡಿಯಾಕತ್ತೀದಿ?” ಎಂದಳು. ಹೋರಿ ಅಂದದ್ದೇ ತಡ, ದನದ ಸಂತೆಗೆ ಹೋಗಿ ಹೋರಿಗಳ ಹಿಂದೆ ನಿಂತು ಬಗ್ಗಿ ಬಗ್ಗಿ ನೋಡಿದೆ. ದಲಾಲಿಯೊಬ್ಬ ಬಾಲ ಎತ್ತಿ ಹಿಡಿದು, “ನೋಡ್ರಿ ಮಾಲಕರ, ಎರಡೂ ತಕ್ಕಡ್ಯಾಗ ತೂಗಿದಂಗ ಅದಾವು!” ಎಂದು ಹೊಗಳಿದ. ನನ್ನ ಎದೆ ಅಲ್ಲೇ ಒಡೆಯಿತು. ದನಕ್ಕೆ ಇದ್ದದ್ದು ನನಗಿಲ್ಲ.

ಮಾವನ ಮಗಳ ಬಾಳು ಹಾಳು ಮಾಡಬಾರದೆಂದು ನಿರ್ಧರಿಸಿ, ಕಣದಲ್ಲಿ ಬತ್ತ ತೂರುತ್ತಿದ್ದ ಮಾವನ ಹತ್ತಿರ ಹೋದೆ.

“ಮಾವಾ, ನಿನ್ನ ಮಗಳನ್ನ ಬ್ಯಾರೆ ಕಡೆ ಕೊಡು.”

ಮಾವನ ಕೈಯಲ್ಲಿನ ಮೊರ ಅಲ್ಲೇ ನಿಂತಿತು. “ಯಾಕಲೇ? ಅಕಿ ಹಲ್ಲ ಉಬ್ಬ್ಯಾವೇನು? ಕುಳಗ್ಯಾಗ ಯಾವಕಿನರ ನೋಡೀದೇನು?”

“ಅಕಿಗೇನಾಗಿಲ್ಲ ಮಾವಾ. ನನಗಾಗೈತಿ.”

“ಏನಾಗೈತಿ? ಬಾಯಿ ಬಿಟ್ಟು ಬೊಗಳು!”

ಬೊಗಳಿದೆ. ಎಡ, ಬಲ, ಸಾಬರು, ಹೋರಿ, ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡರೆ ಮಾವ ಆಚೀಚೆ ಕಣ್ಣಾಡಿಸಿದ. ಮೊರ ಕೆಳಗಿಟ್ಟು ಹುಲ್ಲಿನ ಬಣವೆಯ ಹಿಂದೆ ಹೋದ. ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖ ಬಿಳಿಚಿಕೊಂಡಿತ್ತು.

“ಅಳಿಯಾ, ನಂದೂ ಇಳದೈತೋ!”

“ಎಡಕ್ಕ?”

“ಎಡಕ್ಕ.”

“ನಿನಗ ಮನಿ ತುಂಬ ಮಕ್ಕಳಾಗ್ಯಾವಲ್ಲ ಮಾವಾ!”

“ಅವು ಆದಮ್ಯಾಲ ಇಳದಿರಬೇಕು. ಯಾಂವ ನೋಡ್ಯಾನು!”

ಮರುದಿನ ಇಬ್ಬರೂ ಚಕ್ಕಡಿ ಹೂಡಿಕೊಂಡು ಹಳಿಯಾಳದ ದವಾಖಾನೆಗೆ ಹೊರಟೆವು. ಎತ್ತಿಗೆ ಲಾಳ ಹೊಡೆಸಲು ಎಂದು ಅತ್ತೆಗೆ ಹೇಳಿದ್ದೆವು. ದವಾಖಾನೆಯ ಬಾಗಿಲಲ್ಲಿ ಜಗಳ.

“ನೀ ಮೊದಲ ಹೋಗು, ನೀ ಹಿರ್‍ಯಾ.”

“ನೀ ಹೋಗಲೇ, ಮದವಿ ನಿಂದ.”

ಡಾಕ್ಟರು ಧಾರವಾಡದ ಕಡೆಯ ಹಿರಿಯರು, ನಶ್ಯ ಏರಿಸುವವರು. ಇಬ್ಬರನ್ನೂ ಒಳಗೆ ಕರೆದು, ಧೋತರ ಬಿಚ್ಚಿಸಿ, ಗೋಡೆಗೆ ನಿಲ್ಲಿಸಿದರು. ಅವರ ಕೈಯೋ ಹಳ್ಳದ ನೀರಿನಷ್ಟು ತಣ್ಣಗೆ. ಮುಟ್ಟಿದೊಡನೆ ನನ್ನದು ಸರ್ರನೆ ಮೇಲೇರಿತು.

“ನೋಡ್ದ್ಯಾ? ತಣ್ಣಗಾದ್ರ ಏರತದ, ಸೆಕಿಗೆ ಇಳೀತದ. ಅದರ ಸ್ವಭಾವನ ಅದು. ಈಗ ಕೆಮ್ಮು.”

ಕೆಮ್ಮಿದೆ. ಅವರು ತೊಡೆಸಂದಿಯಲ್ಲಿ ಬೆರಳಿಟ್ಟು ನೋಡಿದರು. “ಕರುಳು ಇಳದಿದ್ರ ಇಲ್ಲೆ ಗುದ್ದತಿತ್ತು. ಏನೂ ಇಲ್ಲ.” ಆಮೇಲೆ ಕಿಟಕಿ ಮುಚ್ಚಿ, ಬ್ಯಾಟರಿ ಟಾರ್ಚನ್ನು ಬೀಜದ ಹಿಂದಿನಿಂದ ಒತ್ತಿ ಹಿಡಿದು ದೀಪ ಹಚ್ಚಿದರು.

ಮಾವನಿಗೆ ತಡೆಯಲಾಗಲಿಲ್ಲ. “ಅಲ್ಲೇನು ಹುಡಕತೀರಿ ಸಾಹೇಬ್ರ?”

“ನೀರು. ಬೀಜದ ಸುತ್ತ ನೀರು ತುಂಬಿದ್ರ ಬೆಳಕು ಈ ಕಡಿಂದ ಆ ಕಡಿಗೆ ಹಾಯತದ, ಕಂದೀಲಿನಂಗ ಕೆಂಪಗ ಕಾಣತದ. ಇಂವಂದು ಕತ್ತಲ ಅದ. ನಿಮ್ಮ ಅಳಿಯಾ ಛಲೋ ಇದ್ದಾನ.”

“ಮತ್ತ ಎಡದ್ದು ಕೆಳಗ ಐತಂತ ದರ್ಜಿ ಸಾಬರು ಚಡ್ಡಿ ಸಡ್ಲ ಹೊಲ್ಯಾಕತ್ತಾರಲ್ರಿ?” ಎಂದೆ ನಾನು.

“ಭಾಳ ಮಂದಿಗೆ ಹಂಗ ಇರತದೋ ಪೈಲವಾನ. ಹೆಚ್ಚಾಗಿ ಎಡದ್ದ ಕೆಳಗ. ರೋಗ ನಿನ್ನ ಬೀಜಕ್ಕಿಲ್ಲ, ನಿನ್ನ ಲಂಗೋಟಿಗದ. ಕುಡಿಯೋ ನೀರಿನ ಗಡಿಗಿ ಒಲಿ ಮುಂದ ಇಡತೀಯೇನು? ತಂಪಿರಲಿ ಅಂತನ ದೇವರು ಅದನ್ನ ಹೊರಗ ಇಟ್ಟಾನ. ನೀ ಹಗಲೂ ರಾತ್ರಿ ಕಟ್ಟಿ ಬೇಯಿಸೀದಿ. ಗರಡ್ಯಾಗ ಕಟ್ಟು, ಮನಿಗೆ ಬಂದು ಬಿಚ್ಚು. ತೊಳಕೊಂಡು ಒಣಗಿಸಿ, ಒಣಾ ಅರಬಿ ಉಟಗೊ. ಗಜಕರ್ಣಕ್ಕ ಮುಲಾಮು ಕೊಡತೇನಿ.”

ಮಾವನ ಸರದಿಯಲ್ಲೂ ಕೆಮ್ಮು, ಬ್ಯಾಟರಿ ಎಲ್ಲ ಆಯಿತು. ಅವನದೂ ಕತ್ತಲೆಯೇ. ಆದರೂ ಅವನಿಗೆ ನಂಬಿಕೆ ಬರಲಿಲ್ಲ.

“ತಪ್ಪ ತಿಳಕೋಬ್ಯಾಡ್ರಿ ಸಾಹೇಬ್ರ. ನಿಮ್ಮದೂ ಹಿಂಗ ಐತೇನ್ರಿ?”

ನಾನು ನೆಲ ನೋಡಿದೆ. ಡಾಕ್ಟರು ಒಂದು ಚಿಟಿಕೆ ನಶ್ಯ ಏರಿಸಿ, ಸಾವಕಾಶವಾಗಿ ಮೂಗು ಒರೆಸಿಕೊಂಡರು. “ಯಜಮಾನ್ರ, ನನ್ನ ಪಾಟಲೋಣನೂ ಆ ಸಾಬರ ಹೊಲದಾರ.”

ಮಾವ ನಕ್ಕದ್ದು ರಸ್ತೆಗೆ ಕೇಳಿರಬೇಕು. ಹೊರಡುವಾಗ ಡಾಕ್ಟರು ನಗು ಬಿಟ್ಟು ಹೇಳಿದ್ದು ಈಗಲೂ ನೆನಪಿದೆ. “ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರ, ಒಂದ ಕಡೆ ದಪ್ಪ ಆದ್ರ ನಾಚಿಕೊಂಡು ಕೂಡಬ್ಯಾಡ, ಬಂದು ತೋರಿಸು. ಒಮ್ಮಿಂದೊಮ್ಮೆಲೆ ಜೀವ ಹೋಗೂವಂಗ ನೋವು ಬಂದ್ರಂತೂ ಉಣ್ಣೋ ಗಂಗಾಳ ಬಿಟ್ಟು ಓಡಿ ಬಾ. ಮಕ್ಕಳು ಆಗೇ ಆಗ್ತಾವಂತ ನಾ ಬರದು ಕೊಡಾಂವಲ್ಲ. ಆದ್ರ ಇದಕ್ಕಾಗಿ ಮದವಿ ಬಿಟ್ಟಿ ಅಂದ್ರ ನಿನ್ನಂಥ ಹುಚ್ಚ ಇಲ್ಲ.”

ಸಾಬರ ಅಂಗಡಿಯಲ್ಲಿ ಚಡ್ಡಿ ಆಗಿತ್ತು. “ಒಂದ್ ಬೆರಳು ಸಡ್ಲ ಬಿಟ್ಟೇನಿ” ಎಂದರು. “ಎರಡು ಬಿಡಬೇಕಿತ್ರಿ ಸಾಬರ!” ಎಂದೆ. ಮಾವ ಅಲ್ಲೇ ನಿಂತು ತನಗೂ ಒಂದು ಚಡ್ಡಿ ಅಳೆಸಿಕೊಂಡ. ಜೀವಮಾನದಲ್ಲಿ ಅವನು ಅದನ್ನು ಹಾಕಿದ್ದು ನಾನಂತೂ ಕಾಣೆ.

ದವಾಖಾನೆಯ ಮಾತು ಯಾರಿಗೂ ಹೇಳಬಾರದೆಂದು ದಾರಿಯುದ್ದಕ್ಕೂ ಆಣೆ ಮಾಡಿಕೊಂಡೆವು. ಮಾವ ಚಕ್ಕಡಿ ಇಳಿದು, ಎತ್ತು ಬಿಚ್ಚುವ ಮೊದಲೇ ಅತ್ತೆಗೆ ಎಲ್ಲ ಹೇಳಿ ಮುಗಿಸಿದ. ಅತ್ತೆಯಿಂದ ಮಗಳಿಗೆ ಎಷ್ಟು ದೂರ! ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ತಲೆ ತಗ್ಗಿಸಿ ಕುಳಿತವಳ ಹೆಗಲು ಕುಲುಕುತ್ತಿತ್ತು. ಅಳುತ್ತಾಳೆಂದು ನಾನು ಗಾಬರಿಯಾದೆ. ಅವಳು ನಗುತ್ತಿದ್ದಳು.

ನಿನ್ನೆ ಕೂಸನ್ನು ನೋಡಲು ಬಂದ ಬೀಗಿತ್ತಿಯೊಬ್ಬಳು ಮನೆ ತುಂಬಿದ ಚಿಳ್ಳೆಪಿಳ್ಳೆಗಳನ್ನು ನೋಡಿ, “ನಿಮ್ಮ ಮನಿಯಾಗ ಮಕ್ಕಳ ಬೆಳಿ ಭಾರಿ ಆಗೈತ್ರಿ ಯವ್ವಾ” ಎಂದಳು.

ನನ್ನ ಹೆಂಡತಿ ಮೊಮ್ಮಗಳನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ನನ್ನತ್ತ ತಿರುಗಿಯೂ ನೋಡದೆ ಹೇಳಿದಳು: “ಆಗದೇನ್ ಮಾಡ್ತೈತ್ರಿ? ನಮ್ಮಪ್ಪ ಬ್ಯಾಟರಿ ಹಚ್ಚಿ ನೋಡಿ ತಂದ ಮಾಲು!”