ಗೋವಿನಜೋಳದ ಓಟು

ವಾರದಲ್ಲಿ ಐದು ದಿನ ನಾನು ಶಿಸ್ತಿನ ಮನುಷ್ಯ. ಬೆಳಗಿನ ಐದಕ್ಕೆ ವಾಕಿಂಗ್, ಏಳಕ್ಕೆ ಚಹಾ, ರಾತ್ರಿ ಒಂಬತ್ತಕ್ಕೆ ದೀಪ ಬಂದ್. ಹಾನಗಲ್ಲಿನಲ್ಲಿ ಡ್ರಿಲ್ ಮಾಸ್ತರನಾಗಿ ಮಕ್ಕಳಿಗೆ ಹೇಳಿದ್ದನ್ನು ನಿವೃತ್ತಿಯಾದ ಮೇಲೂ ಪಾಲಿಸುತ್ತಿದ್ದೇನೆ. ಶನಿವಾರ ಮತ್ತು ರವಿವಾರ ಮಾತ್ರ ದೀಪ ಆರುವುದಿಲ್ಲ. ಆ ಹೊತ್ತಿಗೆ ಟಿವಿಯಲ್ಲಿ ಸೆಲೆಬ್ರಿಟಿಗಳು ಕುಣಿಯುತ್ತಾರೆ.

ಕುಣಿತದ ಬಗ್ಗೆ ನಿನಗೇನು ಗೊತ್ತು ಎಂದು ನೀವು ಕೇಳಬಹುದು. ನನಗೆ ಶಾಲೆಯ ಮಕ್ಕಳ ಲೇಜಿಮ್ ಕುಣಿತ ಗೊತ್ತು. ನೂರು ಮಕ್ಕಳ ಸಾಲಿನಲ್ಲಿ ಒಬ್ಬನ ಎಡಗಾಲು ತಪ್ಪಿದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಹೀಗಾಗಿ ಟಿವಿಯ ತೀರ್ಪುಗಾರರು ಅಂಕ ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ಬಹಳ ಸಲ ನಮ್ಮ ಲೆಕ್ಕ ಕೂಡುತ್ತದೆ. ಕೂಡದಿದ್ದರೆ ಅವರಿಗೆ ಇನ್ನಷ್ಟು ತರಬೇತಿ ಬೇಕು ಎಂದುಕೊಳ್ಳುತ್ತೇನೆ.

ತೊಂದರೆ ಶುರುವಾಗುವುದು ಜನರ ಓಟಿನಿಂದ. ಹೋದ ಸಲ ಧಾರಾವಾಹಿಯ ನಟನೊಬ್ಬ ಇದ್ದ. ಹೊಟ್ಟೆ ಒಂದು ಕಡೆ ತಿರುಗಿದರೆ ಕಾಲು ಇನ್ನೊಂದು ಕಡೆ. ತೀರ್ಪುಗಾರರು ವಾರವಾರ ಅವನನ್ನು ಕೊನೆಗೆ ಇಡುವುದು, ಜನ ವಾರವಾರ ಎತ್ತಿ ಮೇಲೆ ಕೂರಿಸುವುದು. ಒಂದೂ ಹೆಜ್ಜೆ ತಪ್ಪದ ಹುಡುಗಿ ಕಣ್ಣೀರು ಹಾಕುತ್ತ ಮನೆಗೆ ಹೋದಳು. ಅವನಿಗೆ ಓಟು ಹಾಕಿದವರಲ್ಲಿ ನನ್ನ ಹೆಂಡತಿ ಗಿರಿಜಾ ಕೂಡ ಒಬ್ಬಳು. ನನ್ನ ಫೋನಿನಿಂದಲೂ ಹಾಕಿದ್ದಳು.

“ಏನ ನೋಡಿ ಹಾಕಿದಿ?” ಎಂದೆ.

“ಆರು ವರ್ಷದಿಂದ ದಿನಾ ಸಂಜೀಕ ನಮ್ಮನಿಗೆ ಬರ್ತಾನ್ರಿ ಅಂವ. ನಿಮ್ಮ ತಮ್ಮನೂ ಅಷ್ಟು ಬರೂದಿಲ್ಲ.”

ಯೋಚಿಸಿದರೆ ನಮ್ಮ ಕಡೆ ಇದು ಹೊಸದಲ್ಲ. ದೀಪಾವಳಿಯ ನಂತರ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ, ಕೊರಳಿನ ಕೊಬ್ಬರಿ ಹಾರ ಹರಿಯಗೊಡದೆ ಓಡಿದ ಹೋರಿಗೆ ಕಮಿಟಿಯವರು ಬಹುಮಾನ ಕೊಡುತ್ತಾರೆ. ಆದರೆ ಜನ ವರ್ಷವಿಡೀ ಹೆಸರು ಹಿಡಿದು ಕೊಂಡಾಡುವ ಹೋರಿ ಬೇರೆಯೇ ಇರುತ್ತದೆ. ಅದು ಎಂದೋ ಮುಗ್ಗರಿಸಿ ಬಿದ್ದು ಎದ್ದು ಓಡಿದ್ದಿರಬಹುದು.

ಈ ವಾದ ಟಿವಿಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮ ಓಣಿಯ ಹುಡುಗರು ರಾಜ್ಯೋತ್ಸವಕ್ಕೆ ಅದನ್ನು ಊರಿಗೇ ತಂದರು. ಊರಿನ ಸೆಲೆಬ್ರಿಟಿಗಳು ಕುಣಿಯಬೇಕು, ಅರ್ಧ ಅಂಕ ತೀರ್ಪುಗಾರನದು, ಅರ್ಧ ಜನರದು. ತೀರ್ಪುಗಾರ ನಾನು. ಕುಣಿಯುವವರಲ್ಲಿ ಮುಖ್ಯರು ಇಬ್ಬರು: ಸಣ್ಣವರಿದ್ದಾಗ ಭರತನಾಟ್ಯ ಕಲಿತಿದ್ದ ಡಾಕ್ಟರಮ್ಮ, ಮತ್ತು ಫಕ್ಕೀರಪ್ಪ. ಅವನು ತಿಳವಳ್ಳಿ ಮೇಲೆ ಹಿರೇಕೆರೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ನನ್ನ ಬಾಲ್ಯದ ಗೆಳೆಯ, ದಿನಾ ಬೆಳಗ್ಗೆ ಐದಕ್ಕೆ ನನ್ನ ಜೊತೆ ನಡೆಯುವವನು.

ಜನರ ಓಟಿಗೆ ಹುಡುಗರು ಮಾಡಿದ ಉಪಾಯ ಜಾಣತನದ್ದೇ. ವೇದಿಕೆಯ ಕೆಳಗೆ ಒಬ್ಬೊಬ್ಬರ ಹೆಸರಿಗೆ ಒಂದೊಂದು ಕೊಡ. ಬಂದವರ ಕೈಗೆ ಒಂದೊಂದು ಗೋವಿನಜೋಳದ ಕಾಳು. ಮೆಚ್ಚಿದವರ ಕೊಡಕ್ಕೆ ಹಾಕಬೇಕು. ಆದರೆ ಅದು ನವೆಂಬರ್. ಮನೆಯಂಗಳ, ಡಾಂಬರು ರಸ್ತೆ, ಗುಡಿಯ ಕಟ್ಟೆ, ಎಲ್ಲೆಲ್ಲೂ ಗೋವಿನಜೋಳವನ್ನೇ ಒಣಹಾಕಿರುವ ಕಾಲ. ಊರೇ ಮತಪತ್ರದ ಮೇಲೆ ಕೂತಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಡಾಕ್ಟರಮ್ಮ ಕುಣಿದರು, ಹತ್ತಕ್ಕೆ ಒಂಬತ್ತು ಕೊಟ್ಟೆ. ಫಕ್ಕೀರಪ್ಪ ಕುಣಿದ. ತಾಳ ಮುಂದೆ, ಅವನು ಹಿಂದೆ. ನಿಲ್ದಾಣ ದಾಟಿದ ಮೇಲೆ ಸೀಟಿ ಊದಿದ ಹಾಗೆ. ನಾನು ಕಾಲಿನಿಂದ ಕಣ್ಣು ತೆಗೆಯದೆ ನೋಡಿ ನಾಲ್ಕು ಕೊಟ್ಟೆ. ಅಷ್ಟರಲ್ಲಿ ತಿಳವಳ್ಳಿಯ ಅಜ್ಜಿಯೊಬ್ಬಳು ಮೊರದ ತುಂಬ ಕಾಳು ತಂದು ಅವನ ಕೊಡಕ್ಕೆ ಸುರಿದಳು. ಹುಡುಗರು ಅಡ್ಡ ಬಂದರು.

“ಅಮ್ಮಾ, ಒಬ್ಬರಿಗೆ ಒಂದ ಕಾಳರಿ!”

“ನನ್ನ ಮಗಳಿಗೆ ಹೆರಿಗಿ ಬ್ಯಾನಿ ಎದ್ದಾಗ ಬಸ್ಸು ಸೀದಾ ದವಾಖಾನಿ ಮುಂದ ತಂದು ನಿಲ್ಸ್ಯಾನ ಇಂವ. ಒಂದ ಕಾಳು ಸಾಕೇನೋ?”

ಅದನ್ನು ಕೇಳಿದ್ದೇ ತಡ, ಜನ ಕಿಸೆಯಿಂದ, ಸೆರಗಿನಿಂದ, ಕೆಲವರು ಮನೆಗೇ ಓಡಿಹೋಗಿ ಕಾಳು ತಂದರು. ಕೊಡ ತುಂಬಿ ಹರಿಯಿತು. ಓಟು ಜನರಿಗಿಂತ ಹೆಚ್ಚಾದದ್ದರಿಂದ ಹುಡುಗರು ಅದನ್ನು ರದ್ದು ಮಾಡಿ, ನನ್ನ ಅಂಕವೊಂದನ್ನೇ ಹಿಡಿದರು. ಬಹುಮಾನದ ಗೋಡೆ ಗಡಿಯಾರ ಡಾಕ್ಟರಮ್ಮನಿಗೆ ಹೋಯಿತು. ಸಮಾಧಾನಕ್ಕೆಂದು ಕಾಳನ್ನೆಲ್ಲ ಫಕ್ಕೀರಪ್ಪನ ಮನೆಗೆ ಕಳಿಸಿದರು.

ಮರುದಿನ ಬೆಳಗ್ಗೆ ಐದಕ್ಕೆ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವನಿಲ್ಲದ ದಾರಿ ಬಹಳ ಉದ್ದ ಎಂದು ಆಗ ಗೊತ್ತಾಯಿತು.

“ನಾಕ ಕೊಡೂದೇನ್ರಿ ಗೆಳ್ಯಾಗ?” ಎಂದಳು ಗಿರಿಜಾ.

“ನೂರಕ್ಕ ಮೂವತ್ತೈದಕ್ಕ ಪಾಸು. ಅಂವ ಪಾಸಾಗ್ಯಾನಲ್ಲ!”

“ಹಂಗಾರ ಪಾಸಾದವ್ರ ಜೋಡಿ ನಡೀರಿ, ಹೋಗ್ರಿ,” ಎಂದು ಒಳಗೆ ಹೋದಳು.

ಆ ವಾರ ಕಳೆಯುವುದರೊಳಗೆ ಅವನ ಮನೆಗೆ ಹೋದೆ. ಅಂಗಳದಲ್ಲಿ ಓಟುಗಳು ಒಣಗುತ್ತಿದ್ದವು. ಫಕ್ಕೀರಪ್ಪ ಬರಿಗಾಲನ್ನು ಎಳೆಯುತ್ತ ಸಾಲು ಸಾಲಾಗಿ ಕಾಳು ತಿರುವುತ್ತಿದ್ದ. ನನ್ನನ್ನು ನೋಡಿದರೂ ನಿಲ್ಲಲಿಲ್ಲ.

“ನಾಕ ಅಂಕ ಕಡಿಮಿ ಆತೇನೋ?” ಎಂದೆ.

“ಜಾಸ್ತೀನ ಆತು. ನನಗ ಕುಣೀದು ಎಲ್ಲಿ ಬರ್ತೈತಿ?”

“ಮತ್ಯಾಕ ಸಿಟ್ಟು?”

“ಅಲ್ಲಲೇ ಮಾಸ್ತರ, ಕುಣಿಯೂಮುಂದ ಎಷ್ಟ ಸಲ ನಿನ್ನ ಕಡೆ ನೋಡಿ ನಕ್ಕೆ. ಊರಾಗಿನ ಮಂದಿಯೆಲ್ಲಾ ನಕ್ರು. ನೀ ಒಬ್ಬಂವ ತಲಿ ಎತ್ತಲಿಲ್ಲ.”

ನಿಜ. ಅವನ ಕಾಲು ಹೇಗಿತ್ತೆಂದು ಈಗಲೂ ಹೆಜ್ಜೆ ಹೆಜ್ಜೆಯಾಗಿ ಹೇಳಬಲ್ಲೆ. ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ.

ಚಪ್ಪಲಿ ಕಳಚಿ, ಪ್ಯಾಂಟು ಮಡಚಿ, ನಾನೂ ಕಾಳಿನೊಳಗೆ ಇಳಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಲೆಳೆಯುತ್ತ ಹೋಗಿ ಹಿಂದಿರುಗಿದೆ. ಫಕ್ಕೀರಪ್ಪ ಸೊಂಟದ ಮೇಲೆ ಕೈಯಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದ.

“ಸಾಲು ಸೊಟ್ಟ ಆತು. ನಿನಗೂ ನಾಕ!” ಎಂದ. ಈ ಸಲ ತಲೆ ಎತ್ತಿ ನೋಡಿದೆ. ನಗುತ್ತಿದ್ದ.

ತೀರ್ಪುಗಾರರ ಪಕ್ಷವನ್ನು ನಾನೇನೂ ಬಿಟ್ಟಿಲ್ಲ. ಈ ಶನಿವಾರವೂ ಟಿವಿಯ ಮುಂದೆ ಕೂತು ಅಂಕ ಕೊಡುವವನೇ. ಆದರೆ ನಾನು ಕಾಳು ತಿರುವಿ ಬಂದ ಮರುದಿನ ಬೆಳಗ್ಗೆ ಐದಕ್ಕೆ ಫಕ್ಕೀರಪ್ಪ ಬಂದ, ಇಬ್ಬರೂ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಗಮನಿಸಿದೆ: ನನ್ನ ಎಡಗಾಲು ಮುಂದಿದ್ದಾಗ ಅವನ ಬಲಗಾಲು ಮುಂದಿರುತ್ತದೆ. ಇಂದು ನಿನ್ನೆಯದಲ್ಲ, ಮೊದಲಿನಿಂದಲೂ ಹೀಗೇ ಇದ್ದಿರಬೇಕು. ನೂರು ಮಕ್ಕಳ ಸಾಲಿನಲ್ಲಿ ತಪ್ಪು ಹುಡುಕುವ ಕಣ್ಣಿಗೆ, ಪಕ್ಕದಲ್ಲೇ ನಡೆಯುವವನ ತಪ್ಪು ಇಷ್ಟು ವರ್ಷ ಕಂಡಿರಲಿಲ್ಲ. ದಿನಾ ಬೆಳಗ್ಗೆ ನಾನೂ ಸದ್ದಿಲ್ಲದೆ ಅವನ ಕೊಡಕ್ಕೆ ಒಂದು ಕಾಳು ಹಾಕುತ್ತಲೇ ಬಂದಿದ್ದೆ.